ಆರೋಗ್ಯ ಪ್ರಶ್ನೋತ್ತರ: ಮುಖಮೈಥುನದ ನಂತರ ಯಾವ ಪರೀಕ್ಷೆ, ಯಾವ ದಿನ?

ಕಾಂಡೋಮ್ ಇಲ್ಲದೆ ಮುಖಮೈಥುನ ನಡೆದ ಮೇಲೆ ಕಾಡುವ ಭಯದ ಬಗ್ಗೆ ಬಂದ ಪತ್ರಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಬರೆದವರ ಗುರುತು ಸಿಗುವಂಥ ವಿವರಗಳನ್ನು ಬಿಟ್ಟಿದ್ದೇವೆ. ಹೆಚ್ಚಿನವರು ಕೇಳಿರುವುದು ಎಚ್‌ಐವಿ ಬಗ್ಗೆ. ಆದರೆ ಬಾಯಿಯ ಮೂಲಕ ನಿಜವಾಗಿ ದಾಟುವ ಸೋಂಕುಗಳು ಬೇರೆಯೇ ಇವೆ, ಅವನ್ನು ಹುಡುಕಬೇಕಾದ ಜಾಗವೂ ಬೇರೆ.

ಪ್ರಶ್ನೆ: ನನಗೆ 27 ವರ್ಷ, ಮದುವೆಯಾಗಿಲ್ಲ. ಒಂಬತ್ತು ದಿನಗಳ ಹಿಂದೆ ಪರಿಚಯದ ಮಹಿಳೆಯೊಬ್ಬರು ನನಗೆ ಮುಖಮೈಥುನ ಮಾಡಿದರು. ಕಾಂಡೋಮ್ ಇರಲಿಲ್ಲ. ಬೇರೆ ಏನೂ ನಡೆದಿಲ್ಲ. ಮೂರನೇ ದಿನವೇ ಲ್ಯಾಬ್‌ಗೆ ಹೋಗಿ ಎಚ್‌ಐವಿ ಟೆಸ್ಟ್ ಮಾಡಿಸಿದೆ, ನೆಗೆಟಿವ್ ಬಂತು. ಆದರೂ ಗಂಟಲು ಕೆರೆತ, ಮೂತ್ರ ಹೋಗುವಾಗ ಸಣ್ಣ ಉರಿ ಇದೆ. ರಾತ್ರಿ ನಿದ್ದೆ ಇಲ್ಲ. ನಾಲ್ಕು ತಿಂಗಳಿಗೆ ಮದುವೆ ನಿಶ್ಚಯವಾಗಿದೆ. ದಯವಿಟ್ಟು ಏನೇನು ಟೆಸ್ಟ್ ಮಾಡಿಸಬೇಕು, ಯಾವಾಗ ಮಾಡಿಸಬೇಕು ತಿಳಿಸಿ ಡಾಕ್ಟರೇ. (ದಾವಣಗೆರೆ)

ಉತ್ತರ: ಮೊದಲು ಎಚ್‌ಐವಿ ವಿಷಯ ಮುಗಿಸೋಣ. ಎಚ್‌ಐವಿ ಇರುವುದು ರಕ್ತ, ವೀರ್ಯ, ಯೋನಿಸ್ರಾವ, ಗುದದ ಸ್ರಾವ ಮತ್ತು ಎದೆಹಾಲಿನಲ್ಲಿ. ಜೊಲ್ಲಿನಿಂದ ಅದು ಹರಡುವುದಿಲ್ಲ. ಜೊಲ್ಲಿನಲ್ಲಿರುವ ಕೆಲವು ಪ್ರೋಟೀನುಗಳು ವೈರಸ್ಸನ್ನು ಕುಗ್ಗಿಸುತ್ತವೆ ಕೂಡ. ಮುಖಮೈಥುನ ಮಾಡಿಸಿಕೊಂಡವರಿಗೆ, ಅಂದರೆ ನಿಮ್ಮ ಸ್ಥಿತಿಯಲ್ಲಿರುವವರಿಗೆ, ಎಚ್‌ಐವಿ ತಗಲುವ ಸಾಧ್ಯತೆ ಇಲ್ಲವೆನ್ನುವಷ್ಟು ಕಡಿಮೆ. ಮಾಡಿದವರಿಗೆ, ಬಾಯಿಯಲ್ಲಿ ವೀರ್ಯ ಬಿದ್ದು ಒಸಡಿನಲ್ಲಿ ಗಾಯವೋ ರಕ್ತವೋ ಇದ್ದರೆ ಅಪಾಯ ಸ್ವಲ್ಪ ಏರುತ್ತದೆ. ಆಗಲೂ ಅದು ಯೋನಿ ಅಥವಾ ಗುದಸಂಭೋಗದ ಅಪಾಯಕ್ಕಿಂತ ಬಹಳ ಕೆಳಗಿರುತ್ತದೆ.

ಮೂರನೇ ದಿನದ ಟೆಸ್ಟ್ ಈ ಘಟನೆಯ ಬಗ್ಗೆ ಏನೂ ಹೇಳುವುದಿಲ್ಲ. ಅದು ಹೇಳಿದ್ದು ಅದಕ್ಕೂ ಹಿಂದಿನ ನಿಮ್ಮ ಸ್ಥಿತಿಯನ್ನು. ಸೋಂಕು ತಗಲಿದ ಮೇಲೆ ಪರೀಕ್ಷೆಯಲ್ಲಿ ಕಾಣಿಸಿಕೊಳ್ಳಲು ಬೇಕಾದ ಸಮಯಕ್ಕೆ ವಿಂಡೋ ಪೀರಿಯಡ್ ಎನ್ನುತ್ತಾರೆ. ತೋಳಿನಿಂದ ರಕ್ತ ತೆಗೆದು ಲ್ಯಾಬ್‌ನಲ್ಲಿ ಮಾಡುವ ನಾಲ್ಕನೇ ತಲೆಮಾರಿನ ಪರೀಕ್ಷೆ (ಆಂಟಿಜನ್ ಮತ್ತು ಆಂಟಿಬಾಡಿ ಎರಡನ್ನೂ ಹುಡುಕುವಂಥದ್ದು) 18ರಿಂದ 45 ದಿನಗಳೊಳಗೆ ಸೋಂಕನ್ನು ಹಿಡಿಯುತ್ತದೆ. ಬರೀ ಆಂಟಿಬಾಡಿ ಹುಡುಕುವ ರ‍್ಯಾಪಿಡ್ ಕಿಟ್‌ಗಳಿಗೆ 23ರಿಂದ 90 ದಿನ ಬೇಕು. ಹಾಗಾಗಿ ಲ್ಯಾಬ್‌ಗೆ ಹೋದಾಗ ಯಾವ ಪರೀಕ್ಷೆ ಎಂದು ಕೇಳಿ, ವರದಿಯಲ್ಲೂ ನೋಡಿಕೊಳ್ಳಿ.

ಒಂದು ಮಾತು ಉಳಿದ ಓದುಗರಿಗೆ. ಕಾಂಡೋಮ್ ಇಲ್ಲದೆ ಅಥವಾ ಅದು ಹರಿದು ಯೋನಿ ಇಲ್ಲವೇ ಗುದಸಂಭೋಗ ನಡೆದಿದ್ದರೆ 72 ಗಂಟೆಯೊಳಗೆ ಎ.ಆರ್.ಟಿ. ಕೇಂದ್ರ (ಎಚ್‌ಐವಿ ಔಷಧಿ ಕೊಡುವ ವಿಭಾಗ) ಇರುವ ಸರ್ಕಾರಿ ಆಸ್ಪತ್ರೆಗೆ ಹೋಗಿ. ಸೋಂಕು ನೆಲೆಯೂರದಂತೆ ತಡೆಯುವ ಮಾತ್ರೆಗಳನ್ನು 28 ದಿನ ಕೊಡುವ ವ್ಯವಸ್ಥೆ ಇದೆ. ಎಷ್ಟು ಬೇಗ ಶುರುವಾಗುತ್ತದೋ ಅಷ್ಟು ಒಳ್ಳೆಯದು. 72 ಗಂಟೆ ದಾಟಿದ ಮೇಲೆ ಅದರಿಂದ ಪ್ರಯೋಜನವಿಲ್ಲ. ಮುಖಮೈಥುನ ಮಾಡಿಸಿಕೊಂಡದ್ದಷ್ಟೇ ಆದರೆ ಸಾಮಾನ್ಯವಾಗಿ ಅದನ್ನು ಕೊಡುವುದಿಲ್ಲ, ಬೇಕಾಗುವುದೂ ಇಲ್ಲ.

ಇನ್ನು ನಿಮಗೆ ನಿಜವಾಗಿ ಸಂಬಂಧಪಟ್ಟ ಸೋಂಕುಗಳು: ಗೊನೊರಿಯಾ, ಸಿಫಿಲಿಸ್, ಹರ್ಪಿಸ್, ಸ್ವಲ್ಪ ಮಟ್ಟಿಗೆ ಕ್ಲಮೈಡಿಯಾ. ಗೊನೊರಿಯಾ ಗಂಟಲಿನಲ್ಲಿ ಸದ್ದಿಲ್ಲದೆ ಕೂತಿರುತ್ತದೆ. ಇದ್ದವರಿಗೇ ಗೊತ್ತಿರುವುದಿಲ್ಲ. ಅಲ್ಲಿಂದ ಅದು ಮೂತ್ರನಾಳಕ್ಕೆ ದಾಟುತ್ತದೆ. ದಾಟಿದರೆ ಗಂಡಸರಲ್ಲಿ ಹೆಚ್ಚಾಗಿ 2ರಿಂದ 5 ದಿನಗಳಲ್ಲಿ, ತಡವಾದರೆ ಎರಡು ವಾರದೊಳಗೆ, ಹಳದಿ ಅಥವಾ ಹಸಿರು ಬಣ್ಣದ ಕೀವು, ಜೋರು ಉರಿ ಕಾಣಿಸಿಕೊಳ್ಳುತ್ತದೆ. ನಿಮಗೆ ಸಣ್ಣ ಉರಿ ಇದೆ, ಕೀವಿನ ಮಾತು ಬರೆದಿಲ್ಲ. ನೀರು ಕಡಿಮೆ ಕುಡಿದು ನಿದ್ದೆಗೆಟ್ಟವರಿಗೂ ಹೀಗಾಗುತ್ತದೆ. ಕೀವು ಬರುತ್ತಿದೆಯಾ ಎಂದು ದಿನಕ್ಕೆ ಹತ್ತು ಸಲ ಶಿಶ್ನ ಹಿಂಡಿ ನೋಡುವವರಿಗೆ ಆ ಹಿಂಡುವಿಕೆಯಿಂದಲೇ ಮೂತ್ರನಾಳ ಕೆರಳಿ, ಉರಿಯೂ ತೆಳು ಸ್ರಾವವೂ ಬರುವುದುಂಟು. ಹಾಗೆ ಮಾಡುತ್ತಿದ್ದರೆ ಇಂದೇ ನಿಲ್ಲಿಸಿ. ಗಂಟಲು ಕೆರೆತಕ್ಕೂ ಈ ಘಟನೆಗೂ ನಂಟು ಕಾಣುವುದಿಲ್ಲ, ನಿಮ್ಮ ಬಾಯಿ ಅದರಲ್ಲಿ ಭಾಗಿಯಾಗಿಲ್ಲ.

ಹದಿನಾಲ್ಕನೇ ದಿನದ ಹೊತ್ತಿಗೆ ಗೊನೊರಿಯಾ ಮತ್ತು ಕ್ಲಮೈಡಿಯಾಕ್ಕೆ ಮೂತ್ರದ ಪಿಸಿಆರ್ ಪರೀಕ್ಷೆ ಮಾಡಿಸಿ (ಕೆಲವು ಲ್ಯಾಬ್‌ಗಳಲ್ಲಿ ಇದನ್ನು ‘ನ್ಯಾಟ್’ ಎನ್ನುತ್ತಾರೆ). ನಡುವೆ ಕೀವು ಕಂಡರೆ ಕಾಯದೆ ಅಂದೇ ಹೋಗಿ. ಇಲ್ಲಿ ತಪ್ಪಾಗುವುದು ಮೂತ್ರ ಹಿಡಿಯುವುದರಲ್ಲಿ. ಸಾಮಾನ್ಯ ಮೂತ್ರ ಕಲ್ಚರ್‌ಗೆ ಶುರುವಿನದ್ದನ್ನು ಬಿಟ್ಟು ನಡುವಿನ ಧಾರೆ ಹಿಡಿಯಲು ಹೇಳುತ್ತಾರಲ್ಲ, ಇದಕ್ಕೆ ಅದು ಸಲ್ಲದು. ಕನಿಷ್ಠ ಒಂದು ಗಂಟೆ ಮೂತ್ರ ಹೋಗದೆ ಇದ್ದು, ಒರೆಸದೆ ತೊಳೆಯದೆ, ಮೊಟ್ಟಮೊದಲ ಧಾರೆಯ 20ರಿಂದ 30 ಮಿ.ಲೀ. ಮಾತ್ರ ಡಬ್ಬಿಯಲ್ಲಿ ಹಿಡಿಯಬೇಕು. ರೋಗಾಣು ಇರುವುದು ನಾಳದ ಗೋಡೆಯಲ್ಲಿ, ಅದನ್ನು ತೊಳೆದುಕೊಂಡು ಬರುವುದು ಮೊದಲ ಧಾರೆ. ಡಬ್ಬಿ ತುಂಬ ಹಿಡಿದರೆ ಮಾದರಿ ತೆಳುವಾಗಿ ಸೋಂಕು ಕಣ್ತಪ್ಪಬಹುದು. ‘ಯೂರಿನ್ ರೊಟೀನ್’ ಮಾಡಿಸಿದರೆ ಕೀವಿನ ಕಣ ಎಷ್ಟಿವೆ ಎಂಬುದಷ್ಟೇ ತಿಳಿಯುತ್ತದೆ, ಗೊನೊರಿಯಾ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ.

ಆರು ವಾರಕ್ಕೆ ಸಿಫಿಲಿಸ್ ರಕ್ತಪರೀಕ್ಷೆ (ವಿಡಿಆರ್‌ಎಲ್ ಅಥವಾ ಆರ್‌ಪಿಆರ್, ಜೊತೆಗೆ ಟಿಪಿಎಚ್‌ಎ), ಅದೇ ರಕ್ತದಲ್ಲಿ ಎಚ್‌ಐವಿ ನಾಲ್ಕನೇ ತಲೆಮಾರಿನ ಪರೀಕ್ಷೆ. 45 ದಿನ ತುಂಬಿದ ಮೇಲೆ ಹೋದರೆ ಎಚ್‌ಐವಿ ವಿಷಯ ಅಲ್ಲಿಗೆ ಮುಗಿಯಿತು. ಸಿಫಿಲಿಸ್ ಕಾಣಿಸಿಕೊಳ್ಳಲು 90 ದಿನದವರೆಗೂ ತೆಗೆದುಕೊಳ್ಳಬಹುದಾದ್ದರಿಂದ 12 ವಾರಕ್ಕೆ ಅದನ್ನು ಇನ್ನೊಮ್ಮೆ ಮಾಡಿಸಿ. ಇಷ್ಟೂ ಮುಗಿದರೂ ನಿಮ್ಮ ಮದುವೆಗೆ ಮುಂಚೆ ದಿನಗಳು ಉಳಿಯುತ್ತವೆ. ಅಲ್ಲಿಯವರೆಗೆ ಯಾರ ಜೊತೆಗೂ ಕಾಂಡೋಮ್ ಇಲ್ಲದ ಸಂಪರ್ಕ ಬೇಡ. ಹೆಪಟೈಟಿಸ್ ಬಿ ಲಸಿಕೆ ನಿಮ್ಮ ವಯಸ್ಸಿನ ಹಲವರಿಗೆ ಚಿಕ್ಕಂದಿನಲ್ಲಿ ಬಿದ್ದಿರುವುದಿಲ್ಲ. ಎಚ್‌ಬಿಎಸ್‌ಎಜಿ ಪರೀಕ್ಷೆ ಮಾಡಿಸಿ, ನೆಗೆಟಿವ್ ಆದರೆ 0, 1, 6 ತಿಂಗಳ ಲೆಕ್ಕದಲ್ಲಿ ಮೂರು ಡೋಸ್ ಹಾಕಿಸಿಕೊಳ್ಳಿ.

ಎಲ್ಲಿ ಮಾಡಿಸಬೇಕು? ಜಿಲ್ಲಾ ಆಸ್ಪತ್ರೆ ಮತ್ತು ತಾಲ್ಲೂಕು ಆಸ್ಪತ್ರೆಗಳಲ್ಲಿರುವ ಐಸಿಟಿಸಿ (ಆಪ್ತಸಮಾಲೋಚನೆ ಮತ್ತು ಪರೀಕ್ಷಾ) ಕೇಂದ್ರದಲ್ಲಿ ಎಚ್‌ಐವಿ ಪರೀಕ್ಷೆ ಉಚಿತ. ಆಪ್ತಸಮಾಲೋಚಕರು ಒಂಟಿಯಾಗಿ ಕೂರಿಸಿ ಮಾತಾಡುತ್ತಾರೆ, ಒಪ್ಪಿಗೆ ಪಡೆದ ಮೇಲೆಯೇ ರಕ್ತ ತೆಗೆಯುತ್ತಾರೆ. ಅಲ್ಲಿ ಬಳಸುವುದು ಹೆಚ್ಚಾಗಿ ರ‍್ಯಾಪಿಡ್ ಕಿಟ್. ಹಾಗಾಗಿ ಆರು ವಾರವಾದಾಗ ಒಮ್ಮೆ, ಮೂರು ತಿಂಗಳಾದಾಗ ಒಮ್ಮೆ, ಹೀಗೆ ಎರಡು ಸಲ ಮಾಡಿಸಬೇಕು. ಮೊದಲ ಕಿಟ್‌ನಲ್ಲಿ ರಿಯಾಕ್ಟಿವ್ ಬಂದರೆ ಬೇರೆ ಬೇರೆ ಕಂಪನಿಯ ಇನ್ನೆರಡು ಕಿಟ್‌ಗಳಲ್ಲಿ ನೋಡದೆ ಪಾಸಿಟಿವ್ ಎಂದು ಹೇಳುವುದಿಲ್ಲ. ಲೈಂಗಿಕ ಸೋಂಕುಗಳಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ‘ಸುರಕ್ಷಾ ಕ್ಲಿನಿಕ್’ ಇವೆ. ಹತ್ತಿರದ್ದು ಯಾವುದೆಂದು ತಿಳಿಯಲು 1097ಕ್ಕೆ ಕರೆ ಮಾಡಿ, ಕರೆಗೆ ಹಣವಿಲ್ಲ.

ಪ್ರಶ್ನೆ: ನನ್ನ ಸಂಗಾತಿಗೆ ಗೊನೊರಿಯಾ ಎಂದು ಕಳೆದ ವಾರ ಗೊತ್ತಾಯಿತು, ಅವರಿಗೆ ಇಂಜೆಕ್ಷನ್ ಆಯಿತು. ನಾವು ಸಂಭೋಗದಲ್ಲಿ ಯಾವಾಗಲೂ ಕಾಂಡೋಮ್ ಬಳಸುತ್ತೇವೆ, ಮುಖಮೈಥುನಕ್ಕೆ ಮಾತ್ರ ಬಳಸಿಲ್ಲ. ನಾನು ಮೂತ್ರ ಪರೀಕ್ಷೆ ಮಾಡಿಸಿದೆ, ಏನೂ ಇಲ್ಲ ಎಂದು ಬಂದಿದೆ. ಇಷ್ಟಕ್ಕೆ ಬಿಡಬಹುದಾ? ನಾನು ಹೆಂಗಸು, 31 ವರ್ಷ. (ಬೆಂಗಳೂರು)

ಉತ್ತರ: ಬಿಡಬೇಡಿ. ನೀವು ಬರೆದ ಪ್ರಕಾರ ಸೋಂಕು ಹೋಗಿರಬಹುದಾದ ಜಾಗ ಗಂಟಲು. ಮೂತ್ರದ ಪರೀಕ್ಷೆ ಗಂಟಲನ್ನು ನೋಡುವುದೇ ಇಲ್ಲ. ಗಂಟಲಿನ ಗೊನೊರಿಯಾ ಬಹುಪಾಲು ಜನರಲ್ಲಿ ನೋವು, ಜ್ವರ ಏನನ್ನೂ ತೋರಿಸುವುದಿಲ್ಲ. ಹೀಗೆ ಕಣ್ತಪ್ಪಿ ಉಳಿದ ಗಂಟಲಿನಿಂದಲೇ ಚಿಕಿತ್ಸೆ ಪಡೆದ ಸಂಗಾತಿಗೆ ಮತ್ತೆ ಸೋಂಕು ಹೋಗುತ್ತದೆ. ಆಮೇಲೆ ಔಷಧಿ ಕೆಲಸ ಮಾಡಲಿಲ್ಲ ಎಂದೋ, ಇನ್ಯಾರದೋ ಸಂಬಂಧವಿದೆ ಎಂದೋ ಜಗಳವಾಗುತ್ತದೆ.

ಲ್ಯಾಬ್‌ಗೆ ಮೊದಲೇ ಫೋನ್ ಮಾಡಿ, ‘ಗಂಟಲಿನ ಸ್ವಾಬ್‌ನಲ್ಲಿ ಗೊನೊರಿಯಾ ಪಿಸಿಆರ್ ಮಾಡುತ್ತೀರಾ’ ಎಂದು ಕೇಳಿ. ಮೂತ್ರ ಮತ್ತು ಯೋನಿಯ ಮಾದರಿ ತೆಗೆದುಕೊಳ್ಳುವ ಎಲ್ಲ ಲ್ಯಾಬ್‌ಗಳೂ ಗಂಟಲಿನದ್ದನ್ನು ತೆಗೆದುಕೊಳ್ಳುವುದಿಲ್ಲ. ಹೋಗುವ ಮುನ್ನ ಮೌತ್‌ವಾಶ್‌ನಿಂದ ಬಾಯಿ ಮುಕ್ಕಳಿಸಬೇಡಿ. ಸ್ವಾಬ್ ಕಡ್ಡಿ ಎರಡೂ ಕಡೆಯ ಟಾನ್ಸಿಲ್ ಮತ್ತು ಗಂಟಲಿನ ಹಿಂಗೋಡೆಗೆ ತಾಗಿ ಉಜ್ಜಬೇಕು. ಓಕರಿಕೆ ಬಂದರೆ ಸರಿಯಾದ ಜಾಗಕ್ಕೆ ತಾಗಿದೆ ಎಂದೇ ಅರ್ಥ. ನಾಲಿಗೆಯ ಮೇಲೆ, ಕೆನ್ನೆಯ ಒಳಗೆ ಸವರಿ ಕಳಿಸಿದ ಮಾದರಿಯಿಂದ ಉಪಯೋಗವಿಲ್ಲ. ಗಾಜಿನ ಮೇಲೆ ಹಚ್ಚಿ ಬಣ್ಣ ಹಾಕಿ ನೋಡುವ ಗ್ರಾಮ್ ಸ್ಟೇನ್ ಗಂಡಸರ ಕೀವಿಗೆ ಒಳ್ಳೆಯ ಪರೀಕ್ಷೆ, ಗಂಟಲಿಗೆ ಅಲ್ಲ. ಗಂಟಲಿನಲ್ಲಿ ಅದೇ ಜಾತಿಯ ನಿರುಪದ್ರವಿ ಬ್ಯಾಕ್ಟೀರಿಯಾ ಸಹಜವಾಗಿಯೇ ಇರುತ್ತವೆ, ಸೂಕ್ಷ್ಮದರ್ಶಕದಲ್ಲಿ ಎರಡೂ ಒಂದೇ ರೀತಿ ಕಾಣುತ್ತವೆ. ಇದರ ಜೊತೆ ಯೋನಿಯ ಸ್ವಾಬ್ ಕೂಡ ಕೊಡಿ. ಹೆಂಗಸರಲ್ಲಿ ಗೊನೊರಿಯಾ, ಕ್ಲಮೈಡಿಯಾ ಹಿಡಿಯಲು ಮೂತ್ರಕ್ಕಿಂತ ಯೋನಿಸ್ವಾಬ್ ಉತ್ತಮ, ಅದನ್ನು ನೀವೇ ತೆಗೆದುಕೊಡಬಹುದು.

ಚಿಕಿತ್ಸೆಗೆ ವರದಿಗಾಗಿ ಕಾಯಬೇಕಿಲ್ಲ. ಸಂಗಾತಿಗೆ ಖಚಿತವಾಗಿದ್ದು ಇತ್ತೀಚೆಗೆ ಸಂಪರ್ಕ ನಡೆದಿದ್ದರೆ ಸ್ವಾಬ್ ಕೊಟ್ಟು ಅಂದೇ ಚಿಕಿತ್ಸೆ ಪಡೆಯುವುದು ಸರಿಯಾದ ಕ್ರಮ. ಗಂಟಲಿಗೆ ಬೇಕಾದದ್ದು ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್, ಸ್ನಾಯುವಿಗೆ ಒಂದೇ ಸಲ. ಅಮೆರಿಕದ ಮಾರ್ಗಸೂಚಿಯಲ್ಲಿ 500 ಮಿ.ಗ್ರಾಂ., ವಿಶ್ವ ಆರೋಗ್ಯ ಸಂಸ್ಥೆಯ 2024ರ ಮಾರ್ಗಸೂಚಿಯಲ್ಲಿ 1 ಗ್ರಾಂ. ಯಾವುದು ಎಂದು ನಿಮ್ಮ ವೈದ್ಯರು ನಿರ್ಧರಿಸುತ್ತಾರೆ. ಲಿಗ್ನೊಕೇನ್‌ನಲ್ಲಿ ಕಲಸಿ ಕೊಟ್ಟರೆ ನೋವು ಕಡಿಮೆ. ಸುರಕ್ಷಾ ಕ್ಲಿನಿಕ್‌ಗಳಲ್ಲಿ ಸ್ರಾವಕ್ಕೆಂದು ಬಹುಕಾಲದಿಂದ ಕೊಡುತ್ತಿರುವ ಬೂದು ಬಣ್ಣದ ಕಿಟ್‌ನಲ್ಲಿ ಅಜಿಥ್ರೊಮೈಸಿನ್ 1 ಗ್ರಾಂ ಮತ್ತು ಸೆಫಿಕ್ಸಿಮ್ 400 ಮಿ.ಗ್ರಾಂ. ಮಾತ್ರೆ ಇರುತ್ತವೆ. ಮಾತ್ರೆಯ ಔಷಧಿ ಗಂಟಲಿಗೆ ಬೇಕಾದ ಪ್ರಮಾಣದಲ್ಲಿ ತಲುಪುವುದು ಕಷ್ಟ. ಆದ್ದರಿಂದ ಅಲ್ಲಿ ಹೋದರೂ ‘ಬಾಯಿಯ ಮೂಲಕ ಸಂಪರ್ಕ ಆಗಿದೆ’ ಎಂದು ಬಾಯಿಬಿಟ್ಟು ಹೇಳಲೇಬೇಕು. ನೀವು ಹೇಳದೆ ವೈದ್ಯರಿಗೆ ಗಂಟಲು ನೆನಪಾಗುವುದಿಲ್ಲ. ಪೆನಿಸಿಲಿನ್ ಅಥವಾ ಬೇರೆ ಇಂಜೆಕ್ಷನ್‌ಗೆ ಹಿಂದೆ ಅಲರ್ಜಿ ಆಗಿದ್ದರೆ ಅದನ್ನೂ ಹೇಳಿ.

ಕ್ಲಮೈಡಿಯಾ ಇಲ್ಲವೆಂದು ಖಚಿತವಾಗಿಲ್ಲದಿದ್ದರೆ ಡಾಕ್ಸಿಸೈಕ್ಲಿನ್ 100 ಮಿ.ಗ್ರಾಂ. ದಿನಕ್ಕೆರಡು ಸಲ, 7 ದಿನ ಸೇರಿಸುತ್ತಾರೆ. ಊಟದ ನಂತರ ಒಂದು ದೊಡ್ಡ ಲೋಟ ನೀರಿನೊಂದಿಗೆ ನುಂಗಿ, ಅರ್ಧ ಗಂಟೆ ಮಲಗಬೇಡಿ, ಇಲ್ಲದಿದ್ದರೆ ಮಾತ್ರೆ ಅನ್ನನಾಳದಲ್ಲಿ ಸಿಕ್ಕಿ ಹುಣ್ಣಾಗುತ್ತದೆ. ಮುಟ್ಟು ತಪ್ಪಿದ್ದರೆ ಮೊದಲು ಗರ್ಭ ಪರೀಕ್ಷೆ ಮಾಡಿಕೊಳ್ಳಿ, ಗರ್ಭಿಣಿಯರಿಗೆ ಡಾಕ್ಸಿಸೈಕ್ಲಿನ್ ಬದಲು ಅಜಿಥ್ರೊಮೈಸಿನ್ ಕೊಡುತ್ತಾರೆ.

ಇಬ್ಬರಿಗೂ ಚಿಕಿತ್ಸೆ ಮುಗಿದ ಮೇಲೆ ಏಳು ದಿನ ಯಾವ ರೀತಿಯ ಸಂಪರ್ಕವೂ ಬೇಡ. ಗಂಟಲಿನಲ್ಲಿ ಸೋಂಕು ಖಚಿತವಾಗಿದ್ದರೆ ಎರಡು ವಾರದ ಹೊತ್ತಿಗೆ ಮತ್ತೊಂದು ಸ್ವಾಬ್ ಕೊಟ್ಟು ವಾಸಿಯಾಗಿದೆಯೇ ಎಂದು ನೋಡಲೇಬೇಕು. ದೇಹದ ಬೇರೆ ಜಾಗಗಳಿಗಿಂತ ಗಂಟಲಿನಲ್ಲಿ ಚಿಕಿತ್ಸೆ ವಿಫಲವಾಗುವುದು ಹೆಚ್ಚು. ತೀರಾ ಬೇಗ ಕೊಟ್ಟರೆ ಸತ್ತ ರೋಗಾಣುವಿನ ಚೂರುಗಳೇ ಪಿಸಿಆರ್‌ಗೆ ಸಿಕ್ಕಿ ಸುಮ್ಮನೆ ಪಾಸಿಟಿವ್ ಬರುತ್ತದೆ.

ಪ್ರಶ್ನೆ: ಗಲ್ಫ್ ಕೆಲಸಕ್ಕೆ ಹೊರಟಿದ್ದೇನೆ. ಮೆಡಿಕಲ್‌ಗೆ ಮುಂಚೆ ನಾನೇ ರಕ್ತ ಪರೀಕ್ಷೆ ಮಾಡಿಸಿದಾಗ ವಿಡಿಆರ್‌ಎಲ್ ರಿಯಾಕ್ಟಿವ್ 1:16 ಎಂದು ಬಂದಿದೆ. ಎರಡು ತಿಂಗಳ ಹಿಂದೆ ಕೆಳತುಟಿಯ ಒಳಗೆ ಒಂದು ಹುಣ್ಣಾಗಿತ್ತು, ಉಷ್ಣಕ್ಕೆ ಆಗಿದೆ ಎಂದು ಎಳನೀರು ಕುಡಿದೆ, ತಾನಾಗಿಯೇ ಹೋಯಿತು. ಅದಕ್ಕೂ ಮೂರು ವಾರ ಮುಂಚೆ ಒಬ್ಬರ ಜೊತೆ ಮುಖಮೈಥುನ ಆಗಿತ್ತು. ಇದು ಸಿಫಿಲಿಸ್ಸೇ? ವೀಸಾ ಹೋಗುತ್ತದಾ? ವಯಸ್ಸು 34, ಹೆಂಡತಿ ಊರಲ್ಲಿದ್ದಾಳೆ. (ಮಂಗಳೂರು)

ಉತ್ತರ: ಉಷ್ಣದ ಹುಣ್ಣು ಎಂದು ನಾವು ಕರೆಯುವ ಬಾಯಿಹುಣ್ಣು ಉಪ್ಪು, ಖಾರ ತಾಗಿದರೆ ಚುರ್ ಎನ್ನುತ್ತದೆ. ಸಿಫಿಲಿಸ್‌ನ ಹುಣ್ಣಿಗೆ ಸಾಮಾನ್ಯವಾಗಿ ನೋವಿರುವುದಿಲ್ಲ, ಅಂಚು ಗಟ್ಟಿಯಾಗಿರುತ್ತದೆ. ಸಂಪರ್ಕವಾದ ಸುಮಾರು ಮೂರು ವಾರಕ್ಕೆ ಎದ್ದು, ಏನೂ ಔಷಧಿ ಮಾಡದಿದ್ದರೂ 3ರಿಂದ 6 ವಾರದಲ್ಲಿ ಮಾಯವಾಗುತ್ತದೆ. ಹುಣ್ಣು ಮಾಯವಾದರೂ ರೋಗ ರಕ್ತದಲ್ಲಿ ಉಳಿದಿರುತ್ತದೆ. ನಿಮ್ಮ ದಿನಗಳ ಲೆಕ್ಕ ಅದಕ್ಕೆ ಹೊಂದುತ್ತದೆ. ನೋವಿತ್ತೇ ಇಲ್ಲವೇ ಎಂಬುದನ್ನು ವೈದ್ಯರಿಗೆ ನೆನಪಿಟ್ಟು ಹೇಳಿ. ಅಂಗೈ, ಅಂಗಾಲಿನಲ್ಲಿ ತುರಿಕೆಯಿಲ್ಲದ ಕೆಂಪು ಕಲೆಗಳಿವೆಯೇ ನೋಡಿಕೊಳ್ಳಿ.

ಆದರೂ ವಿಡಿಆರ್‌ಎಲ್ ಒಂದರಿಂದಲೇ ತೀರ್ಮಾನ ಆಗದು. ಅದು ಸಿಫಿಲಿಸ್ ರೋಗಾಣುವನ್ನು ನೇರವಾಗಿ ಹುಡುಕುವ ಪರೀಕ್ಷೆಯಲ್ಲ. ಮಲೇರಿಯಾ, ಕುಷ್ಠ, ಲೂಪಸ್, ಗರ್ಭಾವಸ್ಥೆಯಲ್ಲೂ ರಿಯಾಕ್ಟಿವ್ ಬರುವುದುಂಟು. ಹಾಗೆ ಬಂದಾಗ ಅಂಕೆ (ರಕ್ತವನ್ನು ಎಷ್ಟು ಪಟ್ಟು ತೆಳುಮಾಡಿದರೂ ರಿಯಾಕ್ಟಿವ್ ಬರುತ್ತದೆ ಎಂಬ ಲೆಕ್ಕ) ಸಾಮಾನ್ಯವಾಗಿ ಕಡಿಮೆ ಇರುತ್ತದೆ, 1:2, 1:4, ಹೀಗೆ. ನಿಮ್ಮದು 1:16. ನಾಳೆಯೇ, ಸಿಫಿಲಿಸ್ ರೋಗಾಣುವಿನ ವಿರುದ್ಧದ ಆಂಟಿಬಾಡಿಯನ್ನೇ ಹುಡುಕುವ ಟಿಪಿಎಚ್‌ಎ ಮಾಡಿಸಿ. ಅದೂ ಪಾಸಿಟಿವ್ ಆದರೆ ಸಿಫಿಲಿಸ್ ಎಂದೇ ಚಿಕಿತ್ಸೆ.

ಚಿಕಿತ್ಸೆ ಸುಲಭ, ಹಳೆಯದು, ಇವತ್ತಿಗೂ ಅಷ್ಟೇ ಚೆನ್ನಾಗಿ ಕೆಲಸ ಮಾಡುವಂಥದ್ದು: ಬೆಂಜಥೀನ್ ಪೆನಿಸಿಲಿನ್ 24 ಲಕ್ಷ ಯೂನಿಟ್, ಅರ್ಧರ್ಧ ಮಾಡಿ ಎರಡೂ ಪೃಷ್ಠಕ್ಕೆ. ಸೋಂಕು ತಗಲಿ ವರ್ಷದೊಳಗಾದರೆ ಒಂದೇ ಸಲ ಸಾಕು. ಹೆಚ್ಚಾಗಿದ್ದರೆ ಅಥವಾ ಯಾವಾಗ ತಗಲಿತೆಂದು ಗೊತ್ತಿಲ್ಲದಿದ್ದರೆ ವಾರಕ್ಕೊಂದರಂತೆ ಮೂರು. ಅಲರ್ಜಿ ಆದರೆ ನಿಭಾಯಿಸಲು ಸೌಕರ್ಯವಿರುವ ಆಸ್ಪತ್ರೆಯಲ್ಲೇ ಹಾಕಿಸಿಕೊಳ್ಳಿ, ಹಾಕಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂತಿರಿ. ಅಂದು ರಾತ್ರಿ ಚಳಿಜ್ವರ, ಮೈಕೈ ನೋವು ಬಂದರೆ ಹೆದರಬೇಡಿ. ರೋಗಾಣುಗಳು ಒಟ್ಟಿಗೆ ಸಾಯುವಾಗ ಹೀಗಾಗುತ್ತದೆ, ಪ್ಯಾರಾಸಿಟಮಾಲ್ ತೆಗೆದುಕೊಂಡರೆ ಒಂದು ದಿನದಲ್ಲಿ ಇಳಿಯುತ್ತದೆ. ಮೈಮೇಲೆ ದದ್ದು ಎದ್ದು ಉಸಿರಾಟ ಕಷ್ಟವಾದರೆ ಅದು ಬೇರೆ, ಕೂಡಲೇ ಆಸ್ಪತ್ರೆಗೆ ಓಡಿ.

ಗಲ್ಫ್ ಮೆಡಿಕಲ್‌ನಲ್ಲಿ ಎಚ್‌ಐವಿ, ಹೆಪಟೈಟಿಸ್ ಬಿ, ಸಿ ಜೊತೆ ಸಿಫಿಲಿಸ್ ಪರೀಕ್ಷೆಯೂ ಇರುತ್ತದೆ. ಟಿಪಿಎಚ್‌ಎ ಒಮ್ಮೆ ಪಾಸಿಟಿವ್ ಆದರೆ ವಾಸಿಯಾದ ಮೇಲೂ ಬಹುತೇಕ ಜೀವನಪೂರ್ತಿ ಪಾಸಿಟಿವ್ ಆಗಿಯೇ ಇರುತ್ತದೆ. ವಾಸಿಯಾದದ್ದನ್ನು ತೋರಿಸುವುದು ವಿಡಿಆರ್‌ಎಲ್ ಅಂಕೆ: ಅದು ನಾಲ್ಕು ಪಟ್ಟು ಇಳಿಯಬೇಕು, ನಿಮ್ಮ ಲೆಕ್ಕದಲ್ಲಿ 1:16ರಿಂದ 1:4ಕ್ಕೆ ಅಥವಾ ಕೆಳಕ್ಕೆ. ಇದಕ್ಕೆ ತಿಂಗಳುಗಳು ಬೇಕು, 6 ಮತ್ತು 12 ತಿಂಗಳಿಗೆ ಅದೇ ಲ್ಯಾಬ್‌ನಲ್ಲಿ ಅದೇ ಪರೀಕ್ಷೆ ಮಾಡಿಸಿ ಹೋಲಿಸಬೇಕು. ಆದ್ದರಿಂದ ಔಷಧಿಯ ಹೆಸರು, ಪ್ರಮಾಣ, ದಿನಾಂಕ, ವೈದ್ಯರ ಸಹಿ, ನೋಂದಣಿ ಸಂಖ್ಯೆ ಇರುವ ಚಿಕಿತ್ಸಾ ಪತ್ರ ಪಡೆದು ಜೋಪಾನವಾಗಿಡಿ. ವೀಸಾ ಬಗ್ಗೆ ನಿರ್ಧಾರ ಆ ದೇಶದ್ದು, ಮೆಡಿಕಲ್ ಕೇಂದ್ರದಲ್ಲಿ ಈ ಪತ್ರ ತೋರಿಸಿ ಕೇಳಿ. ಪರೀಕ್ಷೆ ತಪ್ಪಿಸಿ ಕೊಡುತ್ತೇನೆ ಎನ್ನುವ ಏಜೆಂಟರ ಮಾತು ಕೇಳಬೇಡಿ.

ಹುಣ್ಣಾದ ಮೇಲೆ ಹೆಂಡತಿಯ ಜೊತೆ ಸೇರಿದ್ದರೆ ಅವರಿಗೂ ಪರೀಕ್ಷೆ ಮತ್ತು ಚಿಕಿತ್ಸೆ ಆಗಲೇಬೇಕು. ಹೇಳುವುದು ಕಷ್ಟ, ಗೊತ್ತು. ಆದರೆ ಗರ್ಭಿಣಿಯಲ್ಲಿ ಸಿಫಿಲಿಸ್ ಇದ್ದರೆ ಹೊಟ್ಟೆಯಲ್ಲಿರುವ ಮಗು ಸಾಯಬಹುದು ಅಥವಾ ರೋಗದೊಂದಿಗೇ ಹುಟ್ಟಬಹುದು. ಮಾತು ಹೊರಡದಿದ್ದರೆ ಇಬ್ಬರನ್ನೂ ಕೂರಿಸಿ ವೈದ್ಯರೋ ಆಪ್ತಸಮಾಲೋಚಕರೋ ಮಾತಾಡುತ್ತಾರೆ. ಎಚ್‌ಐವಿ ಪರೀಕ್ಷೆಯನ್ನೂ ಒಟ್ಟಿಗೆ ಮಾಡಿಸಿ.

ಪ್ರಶ್ನೆ: ಗಂಡನಿಗೆ ಜ್ವರ ಬಂದಾಗಲೆಲ್ಲ ತುಟಿಯ ಅಂಚಿನಲ್ಲಿ ಗುಳ್ಳೆ ಏಳುತ್ತವೆ. ಅಂಥ ಸಮಯದಲ್ಲೇ ಅವರು ನನಗೆ ಮುಖಮೈಥುನ ಮಾಡಿದ್ದರು. ಐದು ದಿನಕ್ಕೆ ನನ್ನ ಜನನಾಂಗದಲ್ಲಿ ನೀರುಗುಳ್ಳೆ ಎದ್ದು ಒಡೆದು ವಿಪರೀತ ನೋವು. ಹರ್ಪಿಸ್ ಎಂದರು. ಅವರು ಬೇರೆಯವರ ಹತ್ತಿರ ಹೋಗಿದ್ದಾರೆ ಅಂತಲೇ ಅರ್ಥವಲ್ಲವೇ? (ಶಿವಮೊಗ್ಗ)

ಉತ್ತರ: ಅಲ್ಲ. ಜ್ವರಗುಳ್ಳೆ ಎಂದು ನಾವು ಕರೆಯುವ ತುಟಿಯ ಗುಳ್ಳೆಗೆ ಕಾರಣ ಹರ್ಪಿಸ್ ಸಿಂಪ್ಲೆಕ್ಸ್ 1 ಎಂಬ ವೈರಸ್. ಜಗತ್ತಿನ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಇದು ಇದೆ, ಹೆಚ್ಚಿನವರಿಗೆ ಬಂದಿರುವುದು ಚಿಕ್ಕಂದಿನಲ್ಲಿ ಮನೆಯವರ ಮುತ್ತಿನಿಂದ. ತುಟಿಯಲ್ಲಿ ಗುಳ್ಳೆ ಇದ್ದಾಗ ಮುಖಮೈಥುನ ಮಾಡಿದರೆ ಅದೇ ವೈರಸ್ ಜನನಾಂಗಕ್ಕೆ ದಾಟುತ್ತದೆ, 2ರಿಂದ 12 ದಿನದೊಳಗೆ ಗುಳ್ಳೆ ಏಳುತ್ತವೆ. ನೀವು ಬರೆದಿರುವುದೆಲ್ಲ ಇದಕ್ಕೇ ಕೂಡುತ್ತದೆ. ನಿಮ್ಮ ಗಂಡನ ನಡತೆಗೆ ಇದು ಸಾಕ್ಷಿಯಲ್ಲ. ಖಚಿತ ಬೇಕಿದ್ದರೆ ಗುಳ್ಳೆ ಹಸಿ ಇರುವಾಗಲೇ ಅದರ ಸ್ವಾಬ್‌ನಿಂದ ಪಿಸಿಆರ್ ಮಾಡಿಸಿ, ವೈರಸ್ 1 ಅಥವಾ 2 ಎಂದು ತಿಳಿಯುತ್ತದೆ. ಒಣಗಿ ಹಕ್ಕಳೆ ಕಟ್ಟಿದ ಮೇಲೆ ಸಿಗುವುದಿಲ್ಲ.

ಅಸೈಕ್ಲೊವಿರ್ 400 ಮಿ.ಗ್ರಾಂ. ದಿನಕ್ಕೆ ಮೂರು ಸಲ, 7ರಿಂದ 10 ದಿನ. ಬೇಗ ಶುರು ಮಾಡಿದಷ್ಟೂ ಲಾಭ. ಮುಲಾಮಿನಿಂದ ಹೆಚ್ಚು ಪ್ರಯೋಜನವಿಲ್ಲ. ಉರಿಗೆ ಹೆದರಿ ಮೂತ್ರ ತಡೆದರೆ ಕಟ್ಟಿಕೊಳ್ಳುತ್ತದೆ. ಅಗಲವಾದ ಟಬ್ಬಿನಲ್ಲಿ ಉಗುರುಬೆಚ್ಚಗಿನ ನೀರು ಹಾಕಿ ಅದರಲ್ಲೇ ಕೂತು ಮೂತ್ರ ಮಾಡಿ, ಉರಿ ತಗ್ಗುತ್ತದೆ. ಮುಂದೆ ಬಸಿರಾದರೆ ಹೆರಿಗೆ ವೈದ್ಯರಿಗೆ ಇದನ್ನು ತಿಳಿಸಿ.

ಪ್ರಶ್ನೆ: ಒಂದು ಮುಖಮೈಥುನದ ನಂತರ 45ನೇ ದಿನ, 60ನೇ ದಿನ, 90ನೇ ದಿನ ಎಚ್‌ಐವಿ ಟೆಸ್ಟ್ ಮಾಡಿಸಿದೆ. ಮೂರೂ ನಾನ್-ರಿಯಾಕ್ಟಿವ್. ಆದರೆ ವರದಿಯಲ್ಲಿ ಮೊದಲು 0.12 ಇದ್ದದ್ದು ಈಗ 0.31 ಆಗಿದೆ. ಏರುತ್ತಿದೆಯಲ್ಲ ಸರ್? ನಾಲಿಗೆಯ ಹಿಂದೆ ಉಬ್ಬುಗಳಿವೆ. ಶಿಶ್ನದ ತುದಿಯ ಸುತ್ತ ಸಾಲಾಗಿ ಸಣ್ಣ ಗುಳ್ಳೆಗಳೂ ಇವೆ. ಆರು ತಿಂಗಳಿಗೆ ಇನ್ನೊಮ್ಮೆ ಮಾಡಿಸಲಾ? (ಹುಬ್ಬಳ್ಳಿ)

ಉತ್ತರ: ಬೇಡ. ನಿಮಗೆ ಈ ಘಟನೆಯಿಂದ ಎಚ್‌ಐವಿ ಬಂದಿಲ್ಲ. ಆ ಅಂಕೆ ನಿಮ್ಮ ರಕ್ತದಲ್ಲಿರುವ ವೈರಸ್ಸಿನ ಪ್ರಮಾಣವಲ್ಲ. ಯಂತ್ರಕ್ಕೆ ಸಿಕ್ಕ ಸಂಕೇತವನ್ನು ಕಿಟ್‌ನ ಗಡಿಮೌಲ್ಯದಿಂದ ಭಾಗಿಸಿದಾಗ ಬರುವ ಸಂಖ್ಯೆ ಅದು. 1ಕ್ಕಿಂತ ಕಡಿಮೆ ಇದ್ದರೆ ನಾನ್-ರಿಯಾಕ್ಟಿವ್. 0.12 ಆಗಲಿ 0.31 ಆಗಲಿ ಅರ್ಥ ಒಂದೇ. ಒಂದೇ ರಕ್ತವನ್ನು ಬೇರೆ ಯಂತ್ರದಲ್ಲಿ, ಬೇರೆ ದಿನ ಹಾಕಿದರೂ ಈ ಅಂಕೆ ಆಚೀಚೆ ಆಗುತ್ತದೆ.

ನಾಲಿಗೆಯ ಬುಡದಲ್ಲಿ ಕಮಾನಿನಂತೆ ಸಾಲಾಗಿರುವ ದೊಡ್ಡ ಉಬ್ಬುಗಳು ಎಲ್ಲರಿಗೂ ಇರುವ ರುಚಿಯ ಉಬ್ಬುಗಳು. ಕನ್ನಡಿ ಮುಂದೆ ಟಾರ್ಚ್ ಹಿಡಿದು ಇಷ್ಟು ಹಿಂದಕ್ಕೆ ನೋಡುವ ಸಂದರ್ಭ ಯಾರಿಗೂ ಬರುವುದಿಲ್ಲವಾದ್ದರಿಂದ ಹೊಸದೆನಿಸುತ್ತದೆ. ಶಿಶ್ನದ ತುದಿಯ ಅಂಚಿನಲ್ಲಿ ಒಂದೇ ಗಾತ್ರದ, ಚರ್ಮದ ಬಣ್ಣದ ಗುಳ್ಳೆಗಳು ಒಂದೆರಡು ಸಾಲಾಗಿ ಇದ್ದರೆ ಅವೂ ಸಹಜ ರಚನೆ, ಹರಡುವುದಿಲ್ಲ, ಸುಡಿಸಬೇಕಿಲ್ಲ. ಗಾತ್ರ ಬೇರೆಬೇರೆ ಇದ್ದು, ಹೂಕೋಸಿನ ಮೈಯಂತೆ ಒರಟಾಗಿ ಬೆಳೆಯುತ್ತಿದ್ದರೆ ಮಾತ್ರ ನರಹುಲಿ ಎಂದು ಅನುಮಾನಿಸಬೇಕು. ಚರ್ಮವೈದ್ಯರಿಗೆ ಒಮ್ಮೆ ತೋರಿಸಿ, ಅವರು ನೋಡಿ ಹೇಳಿದರೆ ನಿಮ್ಮ ಅನುಮಾನ ನಿಲ್ಲುತ್ತದೆ.

ಅದಕ್ಕಿಂತ ಮುಖ್ಯವಾದ ವಿಷಯ ಇನ್ನೊಂದಿದೆ. ವರದಿ ಬಂದ ದಿನ ಸಮಾಧಾನ, ಮೂರನೇ ದಿನಕ್ಕೆ ‘ಲ್ಯಾಬಿನವರು ಸ್ಯಾಂಪಲ್ ಅದಲು ಬದಲು ಮಾಡಿರಬಹುದಾ’ ಎಂಬ ಹೊಸ ಅನುಮಾನ, ಮತ್ತೆ ಟೆಸ್ಟ್. ಇಂಥ ಸುತ್ತಿನಲ್ಲಿ ಸಿಕ್ಕಿಕೊಂಡವರಿಗೆ ಇನ್ನೊಂದು ಟೆಸ್ಟ್ ಔಷಧಿಯಲ್ಲ, ಅದು ಅನುಮಾನಕ್ಕೆ ಇನ್ನಷ್ಟು ಬಲ ಕೊಡುತ್ತದೆ. ಇದು ಆರೋಗ್ಯದ ಬಗೆಗಿನ ಆತಂಕದ ಕಾಯಿಲೆ, ಕೆಲವರಲ್ಲಿ ಗೀಳಿನ ಕಾಯಿಲೆ. ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ಹಲವರಲ್ಲಿ ಭಯದ ಕೆಳಗೆ ‘ತಪ್ಪು ಮಾಡಿದೆ, ಶಿಕ್ಷೆ ಆಗಲೇಬೇಕು’ ಎಂಬ ನಂಬಿಕೆ ಕೂತಿರುತ್ತದೆ, ಅದನ್ನು ಯಾವ ರಕ್ತ ಪರೀಕ್ಷೆಯೂ ತೆಗೆಯಲಾರದು. ವರ್ತನಾ ಚಿಕಿತ್ಸೆಯಿಂದ, ಬೇಕಿದ್ದರೆ ಮಾತ್ರೆಗಳಿಂದ ಇದು ಚೆನ್ನಾಗಿ ವಾಸಿಯಾಗುತ್ತದೆ. ಇಂದಿನಿಂದಲೇ ಶುರು ಮಾಡಬಹುದಾದದ್ದು: ಕನ್ನಡಿ ಮತ್ತು ಟಾರ್ಚ್ ಬಿಡಿ, ರೋಗಲಕ್ಷಣ ಹುಡುಕುವುದನ್ನು ಬಿಡಿ, ಟೆಸ್ಟ್ ಮಾಡಿಸಬೇಕೆನಿಸಿದಾಗ ಒಂದು ಗಂಟೆ ಮುಂದೂಡಿ, ನಾಳೆ ಎರಡು ಗಂಟೆ. ಮುಂದೂಡಿದಾಗ ಭಯ ಏರಿ, ನಂತರ ತಾನೇ ಇಳಿಯುವುದನ್ನು ಗಮನಿಸಿ. ನಿದ್ದೆ, ಕೆಲಸ ಕೆಟ್ಟಿದ್ದರೆ ಮನೋವೈದ್ಯರನ್ನು ಕಾಣಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಬದುಕೇ ಬೇಡ ಎನಿಸಿದ್ದರೆ ಇವತ್ತೇ ಮಾಡಿ.

ಪ್ರಶ್ನೆ: ನಾನು ಗಂಡಸು, ನನ್ನ ಸಂಗಾತಿಯೂ ಗಂಡಸು. ವೈದ್ಯರ ಬಳಿ ಹೇಳಿದರೆ ಪೊಲೀಸರಿಗೋ ಮನೆಯವರಿಗೋ ತಿಳಿಸುತ್ತಾರಾ? (ಮೈಸೂರು)

ಉತ್ತರ: ಇಲ್ಲ. ವಯಸ್ಕರಿಬ್ಬರು ಒಪ್ಪಿ ಖಾಸಗಿಯಾಗಿ ನಡೆಸುವ ಸಂಬಂಧ ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು ತೀರ್ಪು ಕೊಟ್ಟಿದೆ. ಎಚ್‌ಐವಿ ಕುರಿತ 2017ರ ಕಾಯ್ದೆಯ ಪ್ರಕಾರ ನಿಮ್ಮ ತಿಳಿವಳಿಕೆಯ ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಕಾನೂನು ಹೇಳಿದ ಕೆಲವೇ ಸಂದರ್ಭಗಳನ್ನು ಬಿಟ್ಟು ಫಲಿತಾಂಶ ಬಹಿರಂಗ ಮಾಡುವಂತಿಲ್ಲ. ನಾಚಿಕೆಯಿಂದ ವಿಷಯ ಮುಚ್ಚಿಟ್ಟರೆ ಬರೀ ಮೂತ್ರ ನೋಡಿ ಕಳಿಸುತ್ತಾರೆ. ಬಾಯಿ, ಗುದ, ಶಿಶ್ನ, ಎಲ್ಲೆಲ್ಲಿ ಸಂಪರ್ಕ ಆಗಿದೆಯೋ ಅಲ್ಲಲ್ಲಿಂದ ಮಾದರಿ ಕೊಡಬೇಕು. ಹೆಪಟೈಟಿಸ್ ಬಿ ಮತ್ತು ಎಚ್‌ಪಿವಿ (ಜನನಾಂಗದ ನರಹುಲಿಗೆ ಕಾರಣವಾಗುವ ವೈರಸ್) ಲಸಿಕೆಗಳ ಬಗ್ಗೆಯೂ ಕೇಳಿ.

ಪ್ರಶ್ನೆ: ಕಾಲೇಜಿನಲ್ಲಿ ರಕ್ತದಾನ ಶಿಬಿರವಿದೆ. ರಕ್ತ ಕೊಟ್ಟರೆ ಎಚ್‌ಐವಿ ಟೆಸ್ಟ್ ಹೇಗೂ ಮಾಡುತ್ತಾರೆ, ಯಾರಿಗೂ ಗೊತ್ತಾಗದೆ ತಿಳಿದುಕೊಳ್ಳಬಹುದಲ್ಲವೇ? (ತುಮಕೂರು)

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ವಿಂಡೋ ಪೀರಿಯಡ್‌ನಲ್ಲಿ ಕೊಟ್ಟ ರಕ್ತ ಪರೀಕ್ಷೆಯಲ್ಲಿ ನೆಗೆಟಿವ್ ಬಂದು, ಹೆರಿಗೆಯಲ್ಲೋ ಅಪಘಾತದಲ್ಲೋ ಇರುವವರ ಮೈಗೆ ಸೋಂಕು ಹೋಗಬಹುದು. ಗುಟ್ಟಾಗಿ, ಉಚಿತವಾಗಿ ತಿಳಿಯಲು ಐಸಿಟಿಸಿ ಇದೆ.

ಪ್ರಶ್ನೆ: ಲ್ಯಾಬ್‌ನವರು ‘ಕಂಪ್ಲೀಟ್ ಎಸ್‌ಟಿಡಿ ಪ್ಯಾಕೇಜ್’ ತೆಗೆದುಕೊಳ್ಳಿ ಅಂತಾರೆ, ಸಾವಿರಾರು ರೂಪಾಯಿ. ಬೇಕಾ? (ಕಲಬುರಗಿ)

ಉತ್ತರ: ಪಟ್ಟಿ ತರಿಸಿ ನೋಡಿ. ಹರ್ಪಿಸ್ ಐಜಿಜಿ, ಐಜಿಎಂ ಮತ್ತು ಕ್ಲಮೈಡಿಯಾ ಐಜಿಜಿ, ಐಜಿಎಂ ರಕ್ತಪರೀಕ್ಷೆಗಳಿದ್ದರೆ ಪಟ್ಟಿಯಿಂದ ಕೈಬಿಡಿಸಿ. ಲಕ್ಷಣವಿಲ್ಲದವರಲ್ಲಿ ಇವು ಈಗಿನ ಸೋಂಕನ್ನು ಹೇಳುವುದಿಲ್ಲ, ಚಿಕ್ಕಂದಿನ ಜ್ವರಗುಳ್ಳೆಗೂ ಪಾಸಿಟಿವ್ ಬಂದು ನಿದ್ದೆ ಕೆಡಿಸುತ್ತವೆ. ಎಚ್‌ಐವಿ ನಾಲ್ಕನೇ ತಲೆಮಾರು, ವಿಡಿಆರ್‌ಎಲ್ ಜೊತೆ ಟಿಪಿಎಚ್‌ಎ, ಎಚ್‌ಬಿಎಸ್‌ಎಜಿ, ಸಂಪರ್ಕವಾದ ಜಾಗದ ಗೊನೊರಿಯಾ–ಕ್ಲಮೈಡಿಯಾ ಪಿಸಿಆರ್, ಇಷ್ಟು ಸಾಕು. ಪರೀಕ್ಷೆಗೆ ಮುಂಚೆ ಔಷಧಿ ಅಂಗಡಿಯಲ್ಲಿ ಕೇಳಿ ಆಂಟಿಬಯಾಟಿಕ್ ನುಂಗಬೇಡಿ. ಅರೆಬರೆ ಚಿಕಿತ್ಸೆಯಿಂದ ಲಕ್ಷಣ ಅಡಗುತ್ತದೆ, ಸೋಂಕು ಉಳಿಯುತ್ತದೆ.

ಪ್ರಶ್ನೆ: ಮುಖಮೈಥುನಕ್ಕೆ ಮುಂಜಾಗ್ರತೆ ಏನು? ಹೆಂಗಸರಿಗೆ ಮಾಡುವಾಗ ಏನು ಬಳಸಬೇಕು? (ಬೆಳಗಾವಿ)

ಉತ್ತರ: ಗಂಡಸರಿಗಾದರೆ ಕಾಂಡೋಮ್. ಲೂಬ್ರಿಕಂಟ್ ಇಲ್ಲದ್ದು ಅಥವಾ ಸುವಾಸನೆಯದ್ದು ಬಾಯಿಗೆ ಹಿತ. ಹಿಂದಿನ ಅರ್ಧ ಗಂಟೆಯಲ್ಲಿ ಹಲ್ಲುಜ್ಜಬೇಡಿ, ದಾರದಿಂದ ಹಲ್ಲುಸಂದಿ ತೆಗೆಯಬೇಡಿ, ಒಸಡು ಕೆರೆದು ರಕ್ತ ಬರುತ್ತದೆ. ತುಟಿಯಲ್ಲಿ, ಜನನಾಂಗದಲ್ಲಿ ಹುಣ್ಣು ಗುಳ್ಳೆ ಇದ್ದ ದಿನ ಬೇಡವೇ ಬೇಡ. ಹೆಂಗಸರಿಗೆ ಮತ್ತು ಗುದದ ಭಾಗಕ್ಕೆ ತೆಳು ರಬ್ಬರ್ ಹಾಳೆ ಬೇಕು. ಅದು ಅಂಗಡಿಯಲ್ಲಿ ಸಿಗುವುದು ಅಪರೂಪ, ಕಾಂಡೋಮ್‌ನಿಂದ ಮಾಡಿಕೊಳ್ಳಬಹುದು: ಸುರುಳಿ ಪೂರ್ತಿ ಬಿಚ್ಚಿ, ಕತ್ತರಿಯಿಂದ ತುದಿ ಕತ್ತರಿಸಿ, ಬುಡದ ಉಂಗುರ ಕತ್ತರಿಸಿ, ಒಂದು ಬದಿಯಲ್ಲಿ ಉದ್ದಕ್ಕೆ ಸೀಳಿದರೆ ಚೌಕಾಕಾರದ ಹಾಳೆಯಾಗುತ್ತದೆ. ಉಗುರು, ಹಲ್ಲು ತಾಗಿ ಹರಿಯದಂತೆ ಹಿಡಿಯಿರಿ. ಕೊಬ್ಬರಿ ಎಣ್ಣೆ, ವ್ಯಾಸಲಿನ್ ತಾಗಿದರೆ ರಬ್ಬರ್ ಬಿರಿಯುತ್ತದೆ, ಬೇಕಿದ್ದರೆ ನೀರು ಆಧಾರಿತ ಜೆಲ್ ಹಚ್ಚಿ. ಒಂದು ಸಲಕ್ಕೆ ಒಂದು ಹಾಳೆ, ಮಧ್ಯದಲ್ಲಿ ಮಗುಚಿ ಇನ್ನೊಂದು ಬದಿ ಬಳಸಬಾರದು, ಗುದಕ್ಕೆ ಬಳಸಿದ್ದನ್ನು ಯೋನಿಗೆ ಬಳಸಬಾರದು.